ಕಂಪ್ಯೂಟರ್ ಕಟಪಾಡಿಯಲ್ಲಿ, ನಾವು ಹಾಸ್ಟೆಲಿನಲ್ಲಿ

ನಮ್ಮ ಪ್ರಾಜೆಕ್ಟ್ ಟೀಮಿನಲ್ಲಿ ನಾವು ನಾಲ್ಕು ಜನ. ನಾಲ್ವರ ಹತ್ತಿರವೂ ಲ್ಯಾಪ್‌ಟಾಪ್ ಉಂಟು, ಆದರೆ ಒಂದರಲ್ಲೂ ಹೇಳಿಕೊಳ್ಳುವಂಥ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರಾಜೆಕ್ಟಿನ ವಿಷಯ ಮಟ್ಟು ಗುಳ್ಳ. ಕಟಪಾಡಿಯ ಪಕ್ಕದ ಮಟ್ಟು ಊರಿನ ಈ ಬದನೆಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಉಡುಪಿ ಕಡೆಯವರಿಗೆ ಅದರ ಸಾಂಬಾರಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಗಿಡದ, ಕಾಯಿಯ ಫೋಟೋ ನೋಡಿ ಕಾಯಿಕೊರಕ ಹುಳ ಬಿದ್ದಿದೆಯೋ ಇಲ್ಲವೋ ಎಂದು ಹೇಳುವ ಮಾಡೆಲ್ ಮಾಡುವುದು ನಮ್ಮ ಕೆಲಸ. ಫೆಬ್ರವರಿಯಲ್ಲಿ ಮಟ್ಟುವಿನ ಗದ್ದೆಗಳಿಗೆ ಹೋಗಿ ನಾಲ್ಕು ಸಾವಿರ ಚಿಲ್ಲರೆ ಫೋಟೋ ತೆಗೆದು ತಂದಿದ್ದೆವು. ಲ್ಯಾಪ್‌ಟಾಪಿನಲ್ಲಿ ಟ್ರೈನಿಂಗ್ ಹಾಕಿದರೆ ಒಂದು ಎಪಾಕ್ ಮುಗಿಯಲು ನಲವತ್ತು ನಿಮಿಷ. ಫ್ಯಾನಿನ ಶಬ್ದಕ್ಕೆ ಪಕ್ಕದ ರೂಮಿನವರು ಬಂದು ಎಂತ ಆಯ್ತು ಅಂತ ಕೇಳಿ ಹೋದರು.

ನಮ್ಮಲ್ಲೊಬ್ಬನ ಮನೆ ಕಟಪಾಡಿ. ಪಿಯುಸಿ ಮುಗಿದ ರಜೆಯಲ್ಲಿ ಗೇಮ್ ಆಡಲೆಂದು ಅವನೇ ಜೋಡಿಸಿದ ಡೆಸ್ಕ್‌ಟಾಪ್ ಅಲ್ಲಿ ಸುಮ್ಮನೆ ಕೂತಿತ್ತು, ಒಳಗೆ 12 ಜಿಬಿಯ ಕಾರ್ಡ್. ಅದನ್ನೇ ಹೊತ್ತು ತರುವ ಅಂತ ಮೊದಲು ಯೋಚಿಸಿದ್ದು ಹೌದು. ಆದರೆ ನಮ್ಮ ಹಾಸ್ಟೆಲಿನಲ್ಲಿ ಡೆಸ್ಕ್‌ಟಾಪ್ ಇಡಲು ಬಿಡುವುದಿಲ್ಲ. ಬಿಟ್ಟರೂ ಮಳೆಯಲ್ಲಿ ಬಸ್ಸಿನೊಳಗೆ ಸಿಪಿಯು ಮಡಿಲಲ್ಲಿಟ್ಟುಕೊಂಡು ಬರುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಕಂಪ್ಯೂಟರ್ ಅಲ್ಲೇ ಇರಲಿ, ನಾವು ಇಲ್ಲಿಂದಲೇ ಅದನ್ನು ನಡೆಸುವ ಎಂದು ರಿಮೋಟ್ ಡೆಸ್ಕ್‌ಟಾಪಿಗೆ ಬಂದೆವು. ಒಂದು ಸೆಮಿಸ್ಟರ್ ಇದರ ಜೊತೆ ಏಗಿದ ಮೇಲೆ ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇವೆ. ಇದರಲ್ಲಿ ಒಂದು ದೊಡ್ಡ ತಪ್ಪು ನಮ್ಮದೇ, ಅದನ್ನೂ ಹೇಳುತ್ತೇವೆ.

ಮೊದಲು ಒಂದು ಲೆಕ್ಕ ಮಾಡೋಣ. ಕಟಪಾಡಿಯ ಆ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು 20,73,600 ಪಿಕ್ಸೆಲ್. ಒಂದೊಂದಕ್ಕೆ ಮೂರು ಬೈಟ್ ಎಂದರೆ ಒಂದು ಚಿತ್ರಕ್ಕೆ ಸುಮಾರು 6.2 ಎಂಬಿ. ಸೆಕೆಂಡಿಗೆ 30 ಚಿತ್ರ ಕಳಿಸಬೇಕಾದರೆ ಸುಮಾರು 187 ಎಂಬಿ, ಬಿಟ್ ಲೆಕ್ಕದಲ್ಲಿ ಒಂದೂವರೆ ಗಿಗಾಬಿಟ್. ರಾತ್ರಿ ಹತ್ತರ ನಂತರ ನಮ್ಮ ಹಾಸ್ಟೆಲ್ ವೈಫೈ ಏನು ಕೊಡುತ್ತದೆ ಎಂದು ನಿಮಗೆ ಗೊತ್ತೇ ಇದೆ. ಆದರೂ ಕೆಲಸ ನಡೆಯುತ್ತದಲ್ಲ, ಹೇಗೆ?

ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುವವರು ಪ್ರತಿ ಬಾಲಿಗೂ ಮೈದಾನದ ಹನ್ನೊಂದು ಫೀಲ್ಡರುಗಳು ಎಲ್ಲೆಲ್ಲಿ ನಿಂತಿದ್ದಾರೆ ಎಂದು ಪಟ್ಟಿ ಓದುವುದಿಲ್ಲ. ಬದಲಾದದ್ದನ್ನು ಮಾತ್ರ ಹೇಳುತ್ತಾರೆ. ಇಲ್ಲೂ ಅಷ್ಟೇ. ಅಲ್ಲಿನ ಕಂಪ್ಯೂಟರಿನಲ್ಲಿ ಕೂತ ಪ್ರೋಗ್ರಾಮ್ ಪರದೆಯನ್ನು ಚೌಕ ಚೌಕವಾಗಿ ನೋಡಿ, ಹಿಂದಿನ ಸಲಕ್ಕಿಂತ ಯಾವ ಚೌಕ ಬದಲಾಯಿತೋ ಅದನ್ನು ಮಾತ್ರ ಕುಗ್ಗಿಸಿ ಕಳಿಸುತ್ತದೆ. ಪರದೆಯಲ್ಲಿ ತುಂಬಾ ಚಲನೆ ಇದ್ದರೆ ಎಚ್.264 ತರಹದ ವಿಡಿಯೋ ಕೋಡೆಕ್ ಬಳಸುತ್ತದೆ, ಯೂಟ್ಯೂಬಿನಲ್ಲಿ ನೋಡುವ ವಿಡಿಯೋಗಳಿಗೆ ಬಳಸುವಂಥದ್ದೇ. ಹಾಗಾಗಿ ಕಪ್ಪು ಟರ್ಮಿನಲ್ಲಿನಲ್ಲಿ ಎಪಾಕ್ ಸಂಖ್ಯೆ ಒಂದೊಂದೇ ಏರುತ್ತಿದ್ದರೆ ಡೇಟಾ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ನಮ್ಮವನೊಬ್ಬ ಅಲ್ಲಿನ ಬ್ರೌಸರಿನಲ್ಲಿ ಕಾಂತಾರ ಟ್ರೇಲರ್ ಹಾಕಿದ ದಿನ ಮಾತ್ರ ಎಲ್ಲ ನಿಂತೇ ಹೋಯಿತು. ದೊಡ್ಡ ಗ್ರಾಫ್ ಸ್ಕ್ರೋಲ್ ಮಾಡಿದಾಗ ಚಿತ್ರ ಒಂದು ಕ್ಷಣ ಮಸುಕಾಗಿ ಆಮೇಲೆ ಸ್ಪಷ್ಟವಾಗುವುದನ್ನು ನೋಡಿರುತ್ತೀರಿ. ಮೊದಲು ಅವಸರದ ಪ್ರತಿ, ಪುರುಸೊತ್ತಾದ ಮೇಲೆ ಒಳ್ಳೆಯ ಪ್ರತಿ ಬರುವುದರಿಂದ ಹಾಗಾಗುತ್ತದೆ.

ನಮ್ಮ ಕಡೆಯಿಂದ ಹೋಗುವುದು ಇನ್ನೂ ಕಡಿಮೆ: ಯಾವ ಕೀ ಒತ್ತಿದೆವು, ಮೌಸ್ ಎಲ್ಲಿಗೆ ಹೋಯಿತು, ಅಷ್ಟೇ. ಕೆಲವೇ ಬೈಟ್. ಇಲ್ಲಿ ಕಾಡುವುದು ಡೇಟಾದ ಗಾತ್ರ ಅಲ್ಲ, ತಡ. ಕೀ ಒತ್ತಿದ ಸುದ್ದಿ ಅಲ್ಲಿಗೆ ಹೋಗಿ, ಅಕ್ಷರ ಮೂಡಿ, ಅದರ ಚಿತ್ರ ವಾಪಸ್ ಬರುವವರೆಗೆ ನಾವು ಕಾಯಬೇಕು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಕಟಪಾಡಿಗೂ ಹಾಸ್ಟೆಲಿಗೂ ಇರುವ ದೂರ ಅದಕ್ಕೆ ಲೆಕ್ಕವೇ ಅಲ್ಲ. ಆದರೆ ಮನೆಯ ಇಂಟರ್ನೆಟ್ ಒಂದು ಕಂಪನಿಯದು, ಹಾಸ್ಟೆಲಿನದು ಇನ್ನೊಂದರದು. ಆಗ ಪ್ಯಾಕೆಟ್ಟುಗಳು ಬೆಂಗಳೂರು, ಚೆನ್ನೈ, ಮುಂಬೈಯಂಥ ದೊಡ್ಡ ಊರಿಗೆ ಹೋಗಿ ಅಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿ ಬರುವುದು ಸಾಮಾನ್ಯ. ಪಕ್ಕದ ಮನೆಗೆ ಕೊಟ್ಟ ಕೊರಿಯರ್ ಬೆಂಗಳೂರಿಗೆ ಹೋಗಿ ಬಂದ ಹಾಗೆ! ಟ್ರೇಸ್‌ರೂಟ್ ಹಾಕಿ ನೋಡಿ, ನಿಮ್ಮ ಪ್ಯಾಕೆಟ್ ಎಷ್ಟು ಊರು ತಿರುಗುತ್ತದೆ ಎಂದು ಗೊತ್ತಾಗುತ್ತದೆ.

ಈ ಯೋಚನೆ ಹೊಸತೇನಲ್ಲ. 1984ರಲ್ಲೇ ಎಂಐಟಿಯಲ್ಲಿ (ಮಣಿಪಾಲದ್ದಲ್ಲ, ಅಮೆರಿಕದ್ದು) ಎಕ್ಸ್ ವಿಂಡೋ ಸಿಸ್ಟಮ್ ಶುರುವಾಯಿತು. ಪ್ರೋಗ್ರಾಮ್ ಒಂದು ಯಂತ್ರದಲ್ಲಿ ಓಡಿ ಅದರ ಕಿಟಕಿ ಇನ್ನೊಂದರ ಪರದೆಯಲ್ಲಿ ಕಾಣುವ ವ್ಯವಸ್ಥೆ ಅದರಲ್ಲಿತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಒಲಿವೆಟ್ಟಿ ಕಂಪನಿಯ ಲ್ಯಾಬಿನವರು ಮಾಡಿದ ವಿಎನ್‌ಸಿ 1998ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಆರ್‌ಡಿಪಿಯನ್ನು ಟರ್ಮಿನಲ್ ಸರ್ವರ್ ಜೊತೆ ತಂದಿತು, 2001ರ ಎಕ್ಸ್‌ಪಿಯಿಂದ ಅದು ಸಾಮಾನ್ಯ ಕಂಪ್ಯೂಟರಿಗೂ ಬಂತು. ಜರ್ಮನಿಯ ಟೀಮ್‌ವ್ಯೂವರ್ 2005ರದ್ದು, ಎನಿಡೆಸ್ಕ್ 2014ರದ್ದು. ಗೂಗಲಿನವರ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಉಂಟು, ಓಪನ್ ಸೋರ್ಸ್ ಬೇಕೆನ್ನುವವರಿಗೆ ರಸ್ಟ್‌ಡೆಸ್ಕ್ ಉಂಟು. ನಿಮ್ಮ ವಿಂಡೋಸ್ ಹೋಮ್ ಎಡಿಶನ್ ಆದರೆ ಅದರಿಂದ ಬೇರೆ ಕಂಪ್ಯೂಟರಿಗೆ ಆರ್‌ಡಿಪಿಯಲ್ಲಿ ಹೋಗಬಹುದು, ಆದರೆ ಬೇರೆಯವರು ಅದಕ್ಕೆ ಬರುವ ಹಾಗಿಲ್ಲ. ಅದಕ್ಕೆ ಪ್ರೊ ಎಡಿಶನ್ ಬೇಕು. ಇದು ಗೊತ್ತಿಲ್ಲದೆ ನಾವು ಒಂದು ಇಡೀ ಭಾನುವಾರ ಸೆಟ್ಟಿಂಗ್ಸ್ ಹುಡುಕಿದೆವು.

ನಿಜವಾದ ಕಷ್ಟ ಇರುವುದು ಚಿತ್ರ ಕಳಿಸುವುದರಲ್ಲಿ ಅಲ್ಲ, ಆ ಕಂಪ್ಯೂಟರನ್ನು ಹುಡುಕುವುದರಲ್ಲಿ. ಹಳೆಯ ಐಪಿ ವಿಳಾಸ 32 ಬಿಟ್‌ನದು, ಒಟ್ಟು ಸುಮಾರು 429 ಕೋಟಿ ಮಾತ್ರ. ಲೋಕದ ಫೋನು, ಲ್ಯಾಪ್‌ಟಾಪುಗಳಿಗೆಲ್ಲ ಅದು ಸಾಕಾಗುವುದಿಲ್ಲ. ಆದ್ದರಿಂದ ಒಂದು ಮನೆಗೆಲ್ಲ ಹೊರಗಿನ ವಿಳಾಸ ಒಂದೇ, ಒಳಗೆ 192.168 ಎಂದು ಶುರುವಾಗುವ ಖಾಸಗಿ ವಿಳಾಸಗಳು. ರೂಟರ್ ಎಂದರೆ ನಮ್ಮ ಹಾಸ್ಟೆಲ್ ಗೇಟಿನ ವಾಚ್‌ಮನ್ ಎಂದು ತಿಳಿಯಿರಿ. ನೀವೇ ಫೋನ್ ಮಾಡಿ ಬಿರಿಯಾನಿ ತರಿಸಿದರೆ ಡೆಲಿವರಿಯವನನ್ನು ಒಳಗೆ ಬಿಡುತ್ತಾನೆ. ಯಾರೋ ತಾವಾಗಿ ಬಂದು ಒಳಗಿನ ಒಬ್ಬ ಹುಡುಗನನ್ನು ಕಾಣಬೇಕು ಎಂದರೆ ವಾಪಸ್ ಕಳಿಸುತ್ತಾನೆ. ಒಳಗಿನವರು ಮೊದಲು ಹೊರಗೆ ಕರೆದಿದ್ದರೆ ಮಾತ್ರ ಹೊರಗಿನವರಿಗೆ ದಾರಿ. ಇದೇ ನ್ಯಾಟ್.

ಈಗ ಎಷ್ಟೋ ಕಂಪನಿಗಳು ಮನೆಯ ರೂಟರಿಗೂ ನಿಜವಾದ ಹೊರ ವಿಳಾಸ ಕೊಡುವುದಿಲ್ಲ. ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದು ಅದರ ಹೊರಬದಿಯ ವಿಳಾಸ ನೋಡಿ. 100.64ರಿಂದ 100.127ರವರೆಗಿನ ಯಾವುದಾದರೂ ಸಂಖ್ಯೆಯಿಂದ ಶುರುವಾದರೆ ನಿಮ್ಮ ಗೇಟಿನ ಹೊರಗೆ ಇಡೀ ಬಡಾವಣೆಗೆ ಇನ್ನೊಂದು ಗೇಟು, ಇನ್ನೊಬ್ಬ ವಾಚ್‌ಮನ್ ಇದ್ದಾನೆ ಎಂದರ್ಥ. ಕಟಪಾಡಿಯ ಮನೆಯಲ್ಲೂ ಹೀಗೇ ಇತ್ತು. ಪೋರ್ಟ್ ಫಾರ್ವರ್ಡ್ ಮಾಡಿ ಎಂದು ಹೇಳುವ ಹಳೆಯ ವಿಡಿಯೋಗಳು ಇಂಥಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ. ಆರ್‌ಡಿಪಿಯ 3389 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರೆ ಅದನ್ನೇ ಹುಡುಕಿಕೊಂಡು ಅಲೆಯುವ ಸ್ಕ್ರಿಪ್ಟುಗಳು ಪಾಸ್‌ವರ್ಡ್ ಊಹಿಸಲು ಶುರುಮಾಡುತ್ತವೆ. 2019ರ ಮೇ ತಿಂಗಳಲ್ಲಿ ಹೊರಬಿದ್ದ ಬ್ಲೂಕೀಪ್ ದೋಷದಲ್ಲಂತೂ ಪಾಸ್‌ವರ್ಡೇ ಬೇಕಿರಲಿಲ್ಲ. ಮೈಕ್ರೋಸಾಫ್ಟ್ ತಾನು ಕೈಬಿಟ್ಟಿದ್ದ ಎಕ್ಸ್‌ಪಿಗೂ ಆಗ ಪ್ಯಾಚ್ ಕೊಡಬೇಕಾಯಿತು.

ಹಾಗಾದರೆ ಐಡಿ ಸಂಖ್ಯೆ ಹಾಕಿದ ಕೂಡಲೇ ಈ ಆ್ಯಪ್‌ಗಳು ಹೇಗೆ ಕನೆಕ್ಟ್ ಆಗುತ್ತವೆ? ಕಟಪಾಡಿಯ ಕಂಪ್ಯೂಟರ್ ಆನ್ ಆದ ತಕ್ಷಣ ತಾನಾಗಿಯೇ ಆ ಆ್ಯಪ್ ಕಂಪನಿಯ ಸರ್ವರಿಗೆ ಫೋನ್ ಮಾಡಿ, ನನ್ನ ನಂಬರ್ ಇಂಥದ್ದು, ಇಲ್ಲಿದ್ದೇನೆ ಎಂದು ಲೈನ್ ಹಿಡಿದೇ ಕೂತಿರುತ್ತದೆ. ನಾವೂ ಅದೇ ಸರ್ವರಿಗೆ ಹೋಗಿ ಆ ನಂಬರ್ ಕೇಳುತ್ತೇವೆ. ಸರ್ವರ್ ಇಬ್ಬರಿಗೂ ಒಬ್ಬರ ಗೇಟಿನ ವಿಳಾಸ ಇನ್ನೊಬ್ಬರಿಗೆ ಹೇಳುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ತಮ್ಮ ತಮ್ಮ ವಾಚ್‌ಮನ್ ದಾಟಿ ಆ ಕಡೆಗೆ ಪ್ಯಾಕೆಟ್ ಕಳಿಸುತ್ತಾರೆ. ಈಗ ಇಬ್ಬರು ವಾಚ್‌ಮನ್‌ಗಳಿಗೂ ಇದು ನಮ್ಮವರೇ ತರಿಸಿದ್ದು ಎಂದು ಅನಿಸುವುದರಿಂದ ಬಂದದ್ದನ್ನು ಒಳಗೆ ಬಿಡುತ್ತಾರೆ. ಇದಕ್ಕೆ ಹೋಲ್ ಪಂಚಿಂಗ್ ಎನ್ನುತ್ತಾರೆ. ನಮಗೆ ಈ ಇಡೀ ವಿಷಯದಲ್ಲಿ ಅತ್ಯಂತ ಖುಷಿ ಕೊಟ್ಟ ಭಾಗ ಇದೇ. ನೆಟ್‌ವರ್ಕ್ಸ್ ಪೇಪರಿನಲ್ಲಿ ಐದು ಮಾರ್ಕಿಗೆ ಉರು ಹೊಡೆದ ನ್ಯಾಟ್ ನಮಗೆ ಅರ್ಥವಾದದ್ದು ಇಲ್ಲಿ. ವಾಚ್‌ಮನ್ ತೀರಾ ಕಟ್ಟುನಿಟ್ಟಾದರೆ ಈ ಉಪಾಯ ನಡೆಯುವುದಿಲ್ಲ. ಆಗ ಇಬ್ಬರೂ ಮೂರನೆಯ ಕಡೆ ಒಂದು ಜಂಕ್ಷನ್ನಿನಲ್ಲಿ ಸೇರಬೇಕು, ಅದಕ್ಕೆ ರಿಲೇ ಎಂದು ಹೆಸರು. ಕೆಲಸ ಆಗುತ್ತದೆ, ಆದರೆ ದಾರಿ ಸುತ್ತು. ನಮ್ಮ ಹಾಸ್ಟೆಲ್ ವೈಫೈಯಲ್ಲಿ ಹೆಚ್ಚಿನ ದಿನ ರಿಲೇಯೇ ಸಿಗುತ್ತಿತ್ತು. ಮೊಬೈಲ್ ಹಾಟ್‌ಸ್ಪಾಟಿಗೆ ಬಂದರೆ ಕೆಲವೊಮ್ಮೆ ನೇರ ದಾರಿ ಸಿಕ್ಕಿ ಮೌಸ್ ಹಗುರಾಗುತ್ತಿತ್ತು.

ಈ ನಡುವೆ ಕನ್ನಡ ಸಂಘದವರಿಗೆ ಉಪಯೋಗಕ್ಕೆ ಬರುವ ಒಂದು ಮಾತು. ಆ ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕ್ ಅವನ ಅಕ್ಕನದು. ಅವರು ಹಿಂದೆ ಆಮಂತ್ರಣ ಪತ್ರಿಕೆ ಟೈಪ್ ಮಾಡುತ್ತಿದ್ದರು, ಹಾಗಾಗಿ ನುಡಿಯ ಹಳೆ ಫಾಂಟುಗಳೆಲ್ಲ ಅದರಲ್ಲಿವೆ. ನಮ್ಮ ಸಂಘದ ಹಳೆಯ ಸಂಚಿಕೆಗಳ ಫೈಲನ್ನು ನಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ರಿಮೋಟಿನಲ್ಲಿ ತೆರೆದರೆ ಚಂದದ ಕನ್ನಡ. ಬರುವುದು ಪಿಕ್ಸೆಲ್, ಅಕ್ಷರ ಅಲ್ಲವಲ್ಲ, ಹಾಗಾಗಿ ಫಾಂಟ್ ಅಲ್ಲಿದ್ದರೆ ಸಾಕು. ಆದರೆ ಅದನ್ನೇ ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಿದಿರೋ, ಪುನಃ ಕಿಚಡಿ. ಕ್ಲಿಪ್‌ಬೋರ್ಡಿನಲ್ಲಿ ಬರುವುದು ಚಿತ್ರ ಅಲ್ಲ, ಒಳಗಿನ ಕೋಡ್. ಮೊದಲು ಅಲ್ಲೇ ಯೂನಿಕೋಡಿಗೆ ಪರಿವರ್ತಿಸಿ ಆಮೇಲೆ ತನ್ನಿ.

ಇನ್ನು ಮಳೆ, ಕರೆಂಟು. ದೂರದ ಕಂಪ್ಯೂಟರ್ ಎಂದರೆ ಕ್ಲೌಡ್ ಎಂದು ಮನಸ್ಸಿಗೆ ಬರುತ್ತದೆ. ನಮ್ಮ ಕ್ಲೌಡ್ ಇದ್ದದ್ದು ಕಟಪಾಡಿಯ ಮನೆಯ ಚಾವಡಿಯಲ್ಲಿ, ಹೊರಗಿನ ನಿಜವಾದ ಮೋಡದ ಕೈಕೆಳಗೆ. ಅಕ್ಟೋಬರಿನಲ್ಲಿ ಸಂಜೆ ಗುಡುಗು ಶುರುವಾಯಿತೆಂದರೆ ನಮ್ಮೂರುಗಳಲ್ಲಿ ಟಿವಿ, ಮೋಡೆಮ್, ಎಲ್ಲದರ ಪ್ಲಗ್ ಕಿತ್ತಿಡುವುದು ಪದ್ಧತಿ. ಅವನ ಅಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದವರು ಮೊದಲ ಗುಡುಗಿಗೇ ಎದ್ದು ಬಂದು ಸ್ವಿಚ್ ಬಂದ್ ಮಾಡಿ ಪ್ಲಗ್ ತೆಗೆಯುತ್ತಿದ್ದರು. ಆರು ಗಂಟೆ ಓಡಿದ ಟ್ರೈನಿಂಗ್ ಹೋಯಿತು. ಎಂತ ಅವಸ್ಥೆ ಮಾರಾಯ್ರೆ! ಮಗ ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದ. ಸಿಡಿಲು ಬಡಿದು ಕಾರ್ಡ್ ಸುಟ್ಟರೆ ಯಾರು ತಂದುಕೊಡುತ್ತಾರೆ ಎಂದು ಅವರು ಕೇಳಿದ್ದಕ್ಕೆ ನಾಲ್ವರಲ್ಲೂ ಉತ್ತರವಿರಲಿಲ್ಲ.

ಅವರು ಮಾಡಿದ್ದೇ ಸರಿ, ಬದಲಾಗಬೇಕಾದದ್ದು ನಮ್ಮ ಕೋಡ್. ಪ್ರತಿ ಎಪಾಕಿನ ಕೊನೆಗೆ ಚೆಕ್‌ಪಾಯಿಂಟ್ ಬರೆದು, ಮತ್ತೆ ಶುರುವಾದಾಗ ಅಲ್ಲಿಂದಲೇ ಮುಂದುವರಿಯುವ ಹಾಗೆ ಮಾಡಿದೆವು. ಬಯಾಸ್‌ನಲ್ಲಿ ಕರೆಂಟ್ ವಾಪಸ್ ಬಂದಾಗ ತಾನಾಗಿ ಆನ್ ಆಗುವ ಸೆಟ್ಟಿಂಗ್ ಇರುತ್ತದೆ, ಅದನ್ನು ಹಾಕಿದೆವು. ವೇಕ್ ಆನ್ ಲ್ಯಾನ್ ಎಂದು ಇನ್ನೊಂದುಂಟು: ಆರು ಬೈಟ್ 255, ಅದರ ಹಿಂದೆ ಆ ಕಂಪ್ಯೂಟರಿನ ಆರು ಬೈಟಿನ ಮ್ಯಾಕ್ ವಿಳಾಸ ಹದಿನಾರು ಸಲ, ಒಟ್ಟು 102 ಬೈಟ್. ಮಲಗಿದ ಯಂತ್ರದ ನೆಟ್‌ವರ್ಕ್ ಕಾರ್ಡ್ ಇಷ್ಟನ್ನು ಕೇಳಿಸಿಕೊಂಡರೆ ಕಂಪ್ಯೂಟರನ್ನು ಎಬ್ಬಿಸುತ್ತದೆ. ಇದಕ್ಕೆ ಮ್ಯಾಜಿಕ್ ಪ್ಯಾಕೆಟ್ ಎಂದೇ ಹೆಸರು. ಆದರೆ ಇದನ್ನು ಮನೆಯ ಒಳಗಿಂದಲೇ ಯಾರಾದರೂ ಕೂಗಬೇಕು, ಪ್ಲಗ್ಗೇ ತೆಗೆದಿದ್ದರಂತೂ ಯಾವ ಮ್ಯಾಜಿಕ್ಕೂ ಇಲ್ಲ. ನಮಗೆ ಬಯಾಸ್ ಸೆಟ್ಟಿಂಗೇ ಸಾಕಾಯಿತು.

ಈಗ ನಮ್ಮ ತಪ್ಪಿನ ವಿಷಯ.

ಶುರುವಿನಲ್ಲಿ ನಾವು ಬಳಸುತ್ತಿದ್ದ ಆ್ಯಪಿನಲ್ಲಿ ಐಡಿ ಅದೇ ಇದ್ದರೂ ಪಾಸ್‌ವರ್ಡ್ ಪ್ರತಿ ಸಲ ಆನ್ ಆದಾಗ ಬದಲಾಗುತ್ತಿತ್ತು. ಶಾಶ್ವತ ಪಾಸ್‌ವರ್ಡ್ ಇಡುವ ಸೌಲಭ್ಯ ಉಂಟು, ನಾವು ಉದಾಸೀನ ಮಾಡಿದೆವು. ಬದಲಿಗೆ ಅವನ ಅಮ್ಮನಿಗೆ ಫೋನ್. “ಆಂಟಿ, ಆ ಕೆಂಪು ಚಿಹ್ನೆ ಒತ್ತಿ. ಮೇಲೆ ಒಂದು ನಂಬರ್, ಕೆಳಗೊಂದು ಉಂಟಲ್ವಾ, ಕೆಳಗಿನದ್ದು ಓದಿ.” ಅವರು ಕನ್ನಡಕ ಹಾಕಿ ಒಂದೊಂದೇ ಓದುತ್ತಿದ್ದರು. ದಿನಕ್ಕೆ ಒಂದು ಸಲ, ಕೆಲವು ದಿನ ಎರಡು ಸಲ. ಮೂರು ವಾರದಲ್ಲಿ ಅವರಿಗೆ ಎಷ್ಟು ಅಭ್ಯಾಸವಾಯಿತೆಂದರೆ ನಾವು ಕೇಳುವ ಮೊದಲೇ ಓದುತ್ತಿದ್ದರು.

ಒಂದು ಮಧ್ಯಾಹ್ನ ಮಗನಿಗೆ ಅಪ್ಪನ ಫೋನಿನಿಂದ ಕರೆ ಬಂತು, ಮಾತಾಡಿದ್ದು ಅಮ್ಮ. “ಮಗಾ, ಕರೆಂಟ್ ಆಫೀಸಿಂದ ಅಂತ ಫೋನ್ ಮಾಡಿದ್ದಾರೆ. ಹೋದ ತಿಂಗಳ ಬಿಲ್ ಅವರಲ್ಲಿ ತೋರಿಸುದಿಲ್ವಂತೆ, ಇವತ್ತು ರಾತ್ರಿ ಲೈನ್ ಕಟ್ ಮಾಡ್ತಾರಂತೆ. ಸರಿ ಮಾಡ್ಲಿಕ್ಕೆ ಮೊಬೈಲಿಗೆ ಒಂದು ಆ್ಯಪ್ ಹಾಕ್ಲಿಕ್ಕೆ ಹೇಳಿದ್ರು, ಹಾಕಿದೆ. ನಿಮ್ಮದೇ ಆ ನಂಬರಿನ ಆ್ಯಪು. ಈಗ ನಂಬರ್ ಕೇಳ್ತಾರೆ. ಮೇಲಿನದ್ದು ಹೇಳುದಾ, ಕೆಳಗಿನದ್ದಾ?”

ಅವರು ಫೋನ್ ಮಾಡಿದ್ದು ಸಂಶಯ ಬಂದು ಅಲ್ಲ. ಮೊಬೈಲಿನಲ್ಲಿ ಕಂಪ್ಯೂಟರಿನ ಹಾಗೆ ಎರಡು ನಂಬರ್ ಕಾಣಲಿಲ್ಲ, ಅದಕ್ಕೆ ಕೇಳಿದ್ದು. ಆ ಕಡೆಯವನಿಗೆ “ಸ್ವಲ್ಪ ನಿಲ್ಲಿ, ಕನ್ನಡಕ ತರ್ತೇನೆ” ಎಂದು ಹೇಳಿ ಬಂದಿದ್ದರು. ಮಗ ಕೂಗಿ ಹೇಳಿದ, ಅವರು ಕರೆ ಕಟ್ ಮಾಡಿ ಫೋನ್ ಸ್ವಿಚ್ ಆಫ್ ಮಾಡಿದರು. ದುಡ್ಡು ಹೋಗಲಿಲ್ಲ. ಆದರೆ ಅದೇ ಫೋನಿಗೆ ಮಲ್ಲಿಗೆಯ ದುಡ್ಡೂ ಬರುತ್ತದೆ, ಒಟಿಪಿಯೂ ಬರುತ್ತದೆ. ಆ ರಾತ್ರಿ ನಾವು ನಾಲ್ವರೂ ಮೆಸ್ಸಿನಲ್ಲಿ ಮಾತಿಲ್ಲದೆ ಕೂತಿದ್ದೆವು. ಫೋನಿನಲ್ಲಿ ಯಾರೋ ಕೇಳಿದರೆ ಪರದೆಯ ಮೇಲಿನ ನಂಬರ್ ಓದಿ ಹೇಳುವುದು ಮಾಮೂಲಿ ಸಂಗತಿ ಎಂದು ಅವರಿಗೆ ಕಲಿಸಿದವರು ನಾವೇ.

ಇಲ್ಲಿ ಆ್ಯಪಿನಲ್ಲೇನೂ ಮೋಸವಿಲ್ಲ, ಅದು ನಾವು ಪ್ರಾಜೆಕ್ಟಿಗೆ ಬಳಸಿದ್ದೇ. ಅದು ಇರುವುದೇ ಪರದೆ ತೋರಿಸಲು. ನಂಬರ್ ಹೇಳಿ ಅನುಮತಿಯ ಗುಂಡಿ ಒತ್ತಿದರೆ ನಿಮ್ಮ ಪರದೆಯಲ್ಲಿ ಬರುವ ಪ್ರತಿ ಪಿಕ್ಸೆಲ್ ಅವನಿಗೂ ಕಾಣುತ್ತದೆ. ಮೇಲಿಂದ ಇಳಿಯುವ ಒಟಿಪಿ ಮೆಸೇಜೂ ಪಿಕ್ಸೆಲ್ಲೇ. ಇನ್ನೊಂದು ಅನುಮತಿ ಕೊಟ್ಟರೆ ಕೈಯೂ ಅವನದೇ. ಬ್ಯಾಂಕಿನ ಎನ್‌ಕ್ರಿಪ್ಶನ್ ಇಲ್ಲಿ ಉಪಯೋಗಕ್ಕಿಲ್ಲ, ಅದು ದಾರಿಯಲ್ಲಿ ಕದಿಯುವವನಿಗೆ ಅಡ್ಡ, ಪಕ್ಕದಲ್ಲಿ ಕೂತು ನೋಡುವವನಿಗಲ್ಲ. ಎನಿಡೆಸ್ಕ್ ಬಳಸಿ ಹೀಗೆ ಯುಪಿಐ ಹಣ ಎಗರಿಸುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಇಂಥ ಆ್ಯಪ್ ಫೋನಿನಲ್ಲಿದ್ದರೆ ತೆರೆಯಲೊಪ್ಪದ ಬ್ಯಾಂಕ್ ಆ್ಯಪ್‌ಗಳೂ ಈಗ ಇವೆ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಬೇಗ ಮಾಡಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಈ ನಂಬರನ್ನು ಮನೆಯವರ ಫೋನಿನಲ್ಲಿ ಈಗಲೇ ಸೇವ್ ಮಾಡಿ ಕೊಡಿ.

ಆ ಶನಿವಾರ ನಾವು ನಾಲ್ವರೂ ಕಟಪಾಡಿಗೆ ಹೋದೆವು. ಮೊದಲು ಅವರ ಮೊಬೈಲಿನಿಂದ ಆ ಆ್ಯಪ್ ತೆಗೆದು, ಯುಪಿಐ ಪಿನ್ ಬದಲಾಯಿಸಿದೆವು. ಕಂಪ್ಯೂಟರಿನಿಂದಲೂ ಅದನ್ನು ತೆಗೆದೆವು. ಬದಲಿಗೆ ವೈರ್‌ಗಾರ್ಡ್ ಆಧಾರದ ಟೇಲ್‌ಸ್ಕೇಲ್ ಹಾಕಿದೆವು. ಇದೂ ಹೋಲ್ ಪಂಚಿಂಗನ್ನೇ ಮಾಡುತ್ತದೆ, ಆದರೆ ನಮ್ಮ ನಾಲ್ಕು ಲ್ಯಾಪ್‌ಟಾಪು ಮತ್ತು ಆ ಡೆಸ್ಕ್‌ಟಾಪಿಗೆ ಮಾತ್ರ ಸೇರಿದ ಒಂದು ಖಾಸಗಿ ನೆಟ್‌ವರ್ಕ್ ಕಟ್ಟಿಕೊಡುತ್ತದೆ. ಅದರ ಒಳಗಿಂದ ಮಾತ್ರ ತೆರೆಯುವ ಹಾಗೆ ವಿಎನ್‌ಸಿ. ಯಾರೂ ಏನನ್ನೂ ಓದಿ ಹೇಳಬೇಕಾಗಿಲ್ಲ. ನಮ್ಮ ಅಕೌಂಟಿಗೆ ಎರಡು ಹಂತದ ಲಾಗಿನ್, ಆ ಕಂಪ್ಯೂಟರಿನಲ್ಲಿ ಟ್ರೈನಿಂಗಿಗೆಂದೇ ಬೇರೆ ಯೂಸರ್, ಅದಕ್ಕೆ ಅಡ್ಮಿನ್ ಹಕ್ಕಿಲ್ಲ. ಎಷ್ಟೋ ಕೆಲಸಕ್ಕೆ ಪರದೆಯೇ ಬೇಡ ಎಂದೂ ಆಗ ಹೊಳೆಯಿತು. ಎಸ್‌ಎಸ್‌ಎಚ್‌ನಲ್ಲಿ ಒಂದು ಟರ್ಮಿನಲ್ ತೆರೆದರೆ ಟ್ರೈನಿಂಗ್ ನೋಡಿಕೊಳ್ಳಲು ಧಾರಾಳ ಸಾಕು. ಒಟ್ಟು ಎರಡು ಗಂಟೆಯ ಕೆಲಸ, ಅದನ್ನು ಮೂರು ವಾರ ಮುಂದೂಡಿದ್ದೆವು. ಕಾಲೇಜಿನ ಲ್ಯಾಬ್ ಕಂಪ್ಯೂಟರಿಗೆ ಇದನ್ನೆಲ್ಲ ಹಾಕುವ ಯೋಚನೆ ಬಂದರೆ ಮೊದಲು ಲ್ಯಾಬಿನವರನ್ನು ಕೇಳಿ, ಅಲ್ಲಿನ ಗೇಟು ನಮ್ಮದಲ್ಲ.

ಆಂಟಿಗೂ ಹೇಳಿದೆವು: ಇನ್ನು ಮೇಲೆ ನಂಬರ್ ಓದಿ ಹೇಳಿ ಅಂತ ನಾವು ಕೇಳುವುದಿಲ್ಲ. ನಮ್ಮ ಹೆಸರು ಹೇಳಿಕೊಂಡು ಯಾರಾದರೂ ಕೇಳಿದರೂ ಅದು ನಾವಲ್ಲ. “ಹಾಗಾದ್ರೆ ನಂಗೆ ಕೆಲ್ಸ ಇಲ್ಲ ಅಂತಾಯ್ತು” ಎಂದು ನಗಾಡಿ ಕೋಡುಬಳೆ ಡಬ್ಬ ಮುಂದಿಟ್ಟರು. ಅವರ ಕೆಲಸ ಪೂರ್ತಿ ಹೋಗಿಲ್ಲ. ಸಂಜೆ ನಮ್ಮ ಟರ್ಮಿನಲ್ ಇದ್ದಕ್ಕಿದ್ದ ಹಾಗೆ ನಿಂತರೆ ಎರಡೇ ನಿಮಿಷದಲ್ಲಿ ಪ್ರಾಜೆಕ್ಟ್ ಗ್ರೂಪಿಗೆ ಅವರ ವಾಯ್ಸ್ ಮೆಸೇಜ್ ಬರುತ್ತದೆ, ಹಿಂದೆ ಗುಡುಗಿನ ಶಬ್ದ: “ಪ್ಲಗ್ ತೆಗ್ದಿದ್ದೇನೆ. ಮಳೆ ಬಿಟ್ಟ ಮೇಲೆ ಹಾಕ್ತೇನೆ, ಅಷ್ಟ್ರಲ್ಲಿ ಊಟ ಮಾಡಿ ಬನ್ನಿ.”